ನೆಲ ಬಿಟ್ಟ ಬೇರು

ಏಪ್ರಿಲ್‌ನ ಒಂದು ಮಧ್ಯಾಹ್ನ, ಒಣಹಾಕಿದ ಬಟ್ಟೆ ತರಲು ತಾರಸಿಗೆ ಹೋದೆ. ಮೂರು ಗಂಟೆ ಇರಬಹುದು. ಪಡುವಣ ಗೋಡೆಗೆ ಒತ್ತಿಸಿಟ್ಟಿದ್ದ ಬದನೆ ಗಿಡ ಎಲೆಗಳನ್ನೆಲ್ಲ ಜೋಲುಬಿಟ್ಟು ನಿಂತಿತ್ತು. ಬೆಳಿಗ್ಗೆಯಷ್ಟೇ ಎರಡು ಮಗ್ ನೀರು ಹಾಕಿದ್ದೆ. ಕಪ್ಪು ಗ್ರೋ ಬ್ಯಾಗಿನೊಳಕ್ಕೆ ಬೆರಳು ಚುಚ್ಚಿದೆ. ಮಣ್ಣು ಒದ್ದೆಯಾಗಿಯೇ ಇತ್ತು, ಆದರೆ ಬೆರಳನ್ನು ಅಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಕೆಳಗೆ ಹೋಗಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ತಂದು ಮಣ್ಣಿಗೆ ಚುಚ್ಚಿದೆ (ಮನೆಯಲ್ಲಿ ಇದನ್ನು ಇನ್ನೂ ಯಾರಿಗೂ ಹೇಳಿಲ್ಲ). ಅದು ಅಂಕಿ ತೋರಿಸದೆ ‘ಹೈ’ ಎಂದು ಕೈಚೆಲ್ಲಿತು. ಮನುಷ್ಯರಿಗಾಗಿ ಮಾಡಿದ ಉಪಕರಣ, 43 ಡಿಗ್ರಿಯ ಆಸುಪಾಸಿನಲ್ಲೇ ಅದರ ಲೆಕ್ಕ ಮುಗಿಯುತ್ತದೆ. ಅಡುಗೆಮನೆಯ ಥರ್ಮಾಮೀಟರ್ ಚುಚ್ಚಿದಾಗ ಗೊತ್ತಾಯಿತು: 46 ಡಿಗ್ರಿ ಸೆಲ್ಸಿಯಸ್.

ಅವತ್ತು ಬೆಂಗಳೂರಿನ ಗಾಳಿಯ ಉಷ್ಣಾಂಶ 34 ಇತ್ತು. 2016ರ ಏಪ್ರಿಲ್‌ನಲ್ಲಿ ಊರೆಲ್ಲ ಬೆಂದುಹೋಯಿತು ಎಂದು ಪತ್ರಿಕೆಗಳು ಬರೆದ ದಿನವೂ ಅದು 39.2ರಲ್ಲಿ ನಿಂತಿತ್ತು. ಅಂದರೆ ನನ್ನ ಬದನೆಯ ಬೇರು ಈ ಊರು ಎಂದೂ ಕಾಣದ ಬೇಸಿಗೆಯೊಂದನ್ನು ಆ ಚೀಲದೊಳಗೆ ಅನುಭವಿಸುತ್ತಿತ್ತು.

ಹೆಚ್ಚಿನ ತರಕಾರಿಗಳ ಬೇರಿಗೆ 20ರಿಂದ 30 ಡಿಗ್ರಿ ಹಿತ. 40ರ ಆಚೆಗೆ ಬೇರಿನ ತುದಿಯ ಜೀವಕೋಶಗಳ ಪೊರೆ ಹಾಳಾಗತೊಡಗುತ್ತದೆ. ಬಿಸಿ ಏರಿದಂತೆ ಬೇರು ಜೋರಾಗಿ ಉಸಿರಾಡುತ್ತದೆ, ಮಣ್ಣಿನ ಸಂದಿಗಳಲ್ಲಿರುವ ಆಮ್ಲಜನಕ ಬೇಗ ಮುಗಿಯುತ್ತದೆ, ನೀರು ಹೀರುವ ಕೆಲಸ ನಿಲ್ಲುತ್ತದೆ. ಸುತ್ತ ನೀರಿದ್ದೂ ಗಿಡ ಬಾಡುವುದು ಹೀಗೆ. ಇದನ್ನು ತಿಳಿಯದ ನಾವು ಅಯ್ಯೋ ಪಾಪ ಎಂದು ಇನ್ನೆರಡು ಮಗ್ ಸುರಿಯುತ್ತೇವೆ. ಉಳಿದಿದ್ದ ಚೂರುಪಾರು ಗಾಳಿಯೂ ಹೊರಬಿದ್ದು ಬೇರು ಕೊಳೆಯುತ್ತದೆ. ಕುಂಡದ ಗಿಡಗಳು ಸಾಯುವುದು ನೀರಿಲ್ಲದೆ ಅನ್ನುವುದಕ್ಕಿಂತ ಅಕ್ಕರೆ ಹೆಚ್ಚಾಗಿ ಅನ್ನುವುದೇ ಸರಿ.

ತೀರ್ಥಹಳ್ಳಿ ಕಡೆಯ ನನ್ನ ಅಮ್ಮ ವರ್ಷಕ್ಕೊಮ್ಮೆ ಬಂದು ಈ ತೋಟವನ್ನು ತನಿಖೆ ಮಾಡುತ್ತಾಳೆ. “ಅಲ್ಲ ಮಾರಾಯ, ನಮ್ಮಲ್ಲಿ ಬದನೆಗೆ ಇಷ್ಟೆಲ್ಲ ಚಾಕರಿ ಯಾರು ಮಾಡ್ತಾರೆ?” ಎಂದಳು. ನಿಜವೇ. ಅಲ್ಲಿ ಆ ಚಾಕರಿಯನ್ನು ನೆಲವೇ ಮಾಡುತ್ತದೆ. ಹಗಲಿನ ಕಾವು ಮಣ್ಣಿನೊಳಕ್ಕೆ ಇಳಿಯುವುದು ನಿಧಾನ. ಹನ್ನೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಹಗಲಿರುಳಿನ ಏರಿಳಿತ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಕುಗ್ಗಿರುತ್ತದೆ. ಮೇಲೆ 20 ಡಿಗ್ರಿ ಹೊಯ್ದಾಡಿದರೆ ಒಂದಡಿ ಆಳದಲ್ಲಿ ಒಂದೂವರೆ-ಎರಡು ಡಿಗ್ರಿ, ಅಷ್ಟೇ. ಕುಂಡದಲ್ಲಿ ಆ ಆಳ ಎಲ್ಲಿದೆ? ಮೇಲಿನಿಂದ ಬಿಸಿಲು, ನಾಲ್ಕೂ ಪಕ್ಕದಿಂದ ಬಿಸಿಲು, ಅಡಿಯಿಂದ ಕಾದ ಕಾಂಕ್ರೀಟು. ಒಳಗಿನ ಯಾವ ಬೇರೂ ಗೋಡೆಯಿಂದ ಗೇಣಿಗಿಂತ ದೂರವಿಲ್ಲ. ಕುಂಡವನ್ನು ನಾವು ನೆಲದ ಒಂದು ತುಂಡು ಎಂದುಕೊಳ್ಳುತ್ತೇವೆ. ಅದರಲ್ಲಿ ನೆಲದ ಮಣ್ಣಿದೆ, ನೆಲದ ಗುಣವಿಲ್ಲ. ಕಾವು, ನೀರು, ಗಾಳಿ, ಪ್ರಾಣಿ ಇವೆಲ್ಲದರ ತಗಾದೆ ಶುರುವಾಗುವುದೂ ಇಲ್ಲಿಂದಲೇ.

ಪರಿಹಾರ ಹೇಳಿದವಳೂ ಅಮ್ಮನೇ. “ಸುಣ್ಣ ಬಳಿ” ಎಂದಳು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಪಡುವಣ ಬಿಸಿಲು ನೇರ ಬಡಿಯುವ ಮರಗಳ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೆ ಸೋಗೆ ಕಟ್ಟುತ್ತಾರೆ, ಇಲ್ಲವೇ ಸುಣ್ಣ ಬಳಿಯುತ್ತಾರೆ. ಕಪ್ಪು ಚೀಲ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗಿ ಕಾವು ಮಾಡುತ್ತದೆ, ಸುಣ್ಣದ ಮೈ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಚೀಲಕ್ಕೆ ಸುಣ್ಣ ನಿಲ್ಲಲಿಲ್ಲ. ಬಳಿದ ವಾರಕ್ಕೇ ಹಪ್ಪಳದಂತೆ ಎದ್ದು ಉದುರಿತು. ಕೊನೆಗೆ ಹಳೆಯ ಬಿಳಿ ಪಂಚೆಯನ್ನು ಸುತ್ತಿದೆ. ಮರುದಿನ ಅದೇ ಹೊತ್ತಿಗೆ ಅಳೆದರೆ 37. ಒಂದು ಕುಂಡವನ್ನು ದೊಡ್ಡ ಕುಂಡದೊಳಗೆ ಕೂರಿಸಿ ನಡುವೆ ಒದ್ದೆ ತೆಂಗಿನ ನಾರಿನ ಪುಡಿ ತುಂಬಿದರೆ ಇನ್ನೂ ಒಳ್ಳೆಯದು. ಯಾವುದೂ ಬೇಡವೆಂದರೆ ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಗುಂಪಾಗಿ ಇಡಿ. ಹೊರಸಾಲಿನವು ಒಳಸಾಲಿಗೆ ನೆರಳಾಗುತ್ತವೆ. ಹೊರಸಾಲಿಗೆ ಲೋಳೆಸರ, ದೊಡ್ಡಪತ್ರೆಯಂಥ ಗಟ್ಟಿ ಜೀವಗಳನ್ನು ಇಟ್ಟರಾಯಿತು.

ಮಣ್ಣಿನ ಕುಂಡದ ಮಾತು ಬೇರೆ. ಅದು ಬೇಸಿಗೆಯಲ್ಲಿ ನಾವು ನೀರು ತುಂಬಿಡುವ ಮಡಕೆಯ ತಮ್ಮ. ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದನ್ನು ಕುಂಡದಿಂದಲೇ ಕಸಿಯುತ್ತದೆ. ಬೇರು ತಂಪು. ಆದರೆ ಗಿಡ ಕುಡಿಯಬೇಕಾದ ನೀರಿನಲ್ಲಿ ಕುಂಡಕ್ಕೂ ಪಾಲು ಹೋಗುತ್ತದೆ ಎಂಬುದನ್ನು ಮರೆಯಬಾರದು. ಬೋರ್‌ವೆಲ್ ನೀರು ಹಾಕುವವರ ಕುಂಡಗಳ ಹೊರಮೈಯಲ್ಲಿ ಬೂದಿ ಬಳಿದಂತೆ ಕಾಣುವ ಬಿಳಿ ಪದರವೇ ಇದಕ್ಕೆ ಸಾಕ್ಷಿ. ನೀರು ಹಾರಿಹೋಯಿತು, ಅದರ ಉಪ್ಪು ಮಾತ್ರ ಅಲ್ಲೇ ಉಳಿಯಿತು. ಪ್ಲಾಸ್ಟಿಕ್ ಕುಂಡದಲ್ಲೂ ಅಷ್ಟೇ ಉಪ್ಪು ಸೇರುತ್ತದೆ, ಆದರೆ ಅದಕ್ಕೆ ಹೊರಬರಲು ದಾರಿಯಿಲ್ಲದೆ ಮಣ್ಣಿನಲ್ಲೇ ಕೂರುತ್ತದೆ. ತಿಂಗಳಿಗೊಮ್ಮೆ ಅಡಿಯ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ನೀರು ಕೊಟ್ಟು ತೊಳೆಯಬೇಕು. ಮಳೆನೀರಾದರೆ ಉತ್ತಮ.

ಇನ್ನು ನೀರೆಷ್ಟು ಹಾಕಬೇಕು? ‘ದಿನಕ್ಕೊಂದು ಮಗ್’ ಎಂಬ ಸಲಹೆಯಷ್ಟು ಬೇಜವಾಬ್ದಾರಿಯ ಸಲಹೆ ಇನ್ನೊಂದಿಲ್ಲ. ಗಿಡದ ನೀರನ್ನು ಎಳೆಯುವುದು ಗಾಳಿಯ ಬಾಯಾರಿಕೆ. ಗಾಳಿ ಹಿಡಿಯಬಲ್ಲ ತೇವ ಎಷ್ಟು, ಈಗ ಹಿಡಿದಿರುವುದು ಎಷ್ಟು, ಇವೆರಡರ ಅಂತರವೇ ಆ ಬಾಯಾರಿಕೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ತೇವಾಂಶ ಶೇ 25 ಇದ್ದಾಗ ಅದು ಸುಮಾರು 4 ಕಿಲೊಪಾಸ್ಕಲ್. ಜುಲೈಯಲ್ಲಿ 26 ಡಿಗ್ರಿ, ಶೇ 70 ಇದ್ದಾಗ ಸುಮಾರು 1. ಒಂದೇ ಗಿಡ, ಒಂದೇ ಕುಂಡ, ಒಂದೇ ಊರು; ಎಳೆತ ಮಾತ್ರ ನಾಲ್ಕು ಪಟ್ಟು. ಹಾಗಾಗಿ ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡಿ, ಇಲ್ಲವೇ ಕುಂಡವನ್ನು ಒಂದು ಅಂಚಿನಿಂದ ಎತ್ತಿ ಭಾರ ನೋಡಿ. ಹದಿನೈದು ದಿನ ಎತ್ತಿದರೆ ಕೈಗೇ ತೂಕ ಬರುತ್ತದೆ.

ಹೆಚ್ಚಾದ ನೀರು ಹೊರಹೋಗಲಿ ಎಂದು ಕುಂಡದ ತಳಕ್ಕೆ ಎರಡಂಗುಲ ಜಲ್ಲಿ ತುಂಬುವ ಪದ್ಧತಿ ಬಹಳ ಕಡೆ ಇದೆ. ನಾನೂ ವರ್ಷಗಟ್ಟಲೆ ತುಂಬಿದ್ದೇನೆ. ಇದು ಮಾಡಬೇಕೆಂದದ್ದಕ್ಕೆ ತದ್ವಿರುದ್ಧವಾದದ್ದನ್ನು ಮಾಡುತ್ತದೆ ಎಂದು ಅರ್ಥವಾದದ್ದು ಪಾತ್ರೆ ತೊಳೆಯುವ ಸ್ಪಂಜಿನಿಂದ. ನೀವೂ ಮಾಡಿ ನೋಡಿ. ಸ್ಪಂಜನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಮಲಗಿಸಿದಂತೆ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ, ಹಿಂಡದೆ, ಉದ್ದುದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಬದಲಾಗಿಲ್ಲ, ಅದರ ರಂಧ್ರಗಳೂ ಬದಲಾಗಿಲ್ಲ, ಎತ್ತರ ಬದಲಾಯಿತು. ಸಣ್ಣ ರಂಧ್ರಗಳು ತಳದಲ್ಲಿ ಒಂದು ನಿರ್ದಿಷ್ಟ ಎತ್ತರದವರೆಗೆ ಮಾತ್ರ ನೀರನ್ನು ಬಿಡದೆ ಹಿಡಿದಿಟ್ಟುಕೊಳ್ಳಬಲ್ಲವು, ಅದರಿಂದ ಮೇಲಿನದು ಇಳಿದುಹೋಗುತ್ತದೆ. ಕುಂಡದ ತಳದಲ್ಲೂ ಇಂಥದೇ ಒಂದು ಕೆಸರುಪದರ ಯಾವಾಗಲೂ ಇರುತ್ತದೆ. ಅದರ ದಪ್ಪವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ; ಕುಂಡ ಎಷ್ಟು ಎತ್ತರ ಎಂಬುದಲ್ಲ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಜಿಗಿಯುವುದಿಲ್ಲ; ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಜಲ್ಲಿ ತುಂಬಿದರೆ ಕೆಸರುಪದರ ಕೆಳಗೆ ಹೋಗುವುದಿಲ್ಲ, ಎರಡಂಗುಲ ಮೇಲೆ ಬೇರಿನ ಹತ್ತಿರಕ್ಕೇ ಬಂದು ಕೂರುತ್ತದೆ. ತೂತಿನ ಮೇಲೆ ಮಣ್ಣು ಸೋರದಿರಲೆಂದು ಒಂದು ಹೆಂಚಿನ ಚೂರು ಇಡಿ, ಸಾಕು. ಗಿಡ್ಡ ಅಗಲ ಕುಂಡಕ್ಕಿಂತ ಎತ್ತರದ ಕುಂಡ ಯಾಕೆ ಚೆನ್ನಾಗಿ ಬಸಿಯುತ್ತದೆ ಎಂಬುದಕ್ಕೂ ಇದೇ ಉತ್ತರ.

ಹೊಲದ ಕೆಮ್ಮಣ್ಣನ್ನೇ ತುಂಬಿದರೆ ಕೆಸರುಪದರ ದಪ್ಪ, ತೂಕವೂ ಜಾಸ್ತಿ. ಒದ್ದೆ ಕೆಮ್ಮಣ್ಣು ಲೀಟರಿಗೆ ಹೆಚ್ಚುಕಡಿಮೆ 1.8 ಕಿಲೊ ತೂಗುತ್ತದೆ. ಜನ ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನಕ 875 ಇಟ್ಟುಕೊಂಡ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೊ. ತಾರಸಿಯ ಮೇಲೆ ಒಂದಡಿ ಎತ್ತರದ ಮಡಿ ಕಟ್ಟಿ ಕೆಮ್ಮಣ್ಣು ತುಂಬಿದವರು ಚದರ ಮೀಟರಿಗೆ 540 ಕಿಲೊ ಹೇರಿದಂತಾಯಿತು. ಮೂರರಲ್ಲೊಂದು ಪಾಲು ಮಣ್ಣು, ಉಳಿದದ್ದು ಕೋಕೋಪೀಟ್ ಮತ್ತು ಎರೆಗೊಬ್ಬರ ಎಂಬ ರೂಢಿಯ ಹದ ಹುಟ್ಟಿದ್ದರಲ್ಲಿ ಈ ಭಾರದ ಪಾಲೂ ಇದೆ. ಭಾರದ ಕುಂಡಗಳನ್ನು ತಾರಸಿಯ ನಟ್ಟನಡುವೆ ಇಡದೆ ತೊಲೆಯ ನೇರಕ್ಕೆ, ಕಂಬದ ತಲೆಯ ಮೇಲೆ ಇಡಿ.

ಆಷಾಢ ಬಂತೆಂದರೆ ಹಳೇ ಮೈಸೂರು ಸೀಮೆಯವರಿಗೆ ಗಾಳಿಯ ನೆನಪು. ಮುಂಗಾರಿನ ಪಡುವಣ ಗಾಳಿ ಘಟ್ಟದಲ್ಲಿ ಮಳೆ ಸುರಿಸಿ, ಮೂಡಣಕ್ಕೆ ಬೀಸುವಾಗ ಬರಿಯ ರಭಸ ಉಳಿಸಿಕೊಂಡಿರುತ್ತದೆ. ವೇಗ ಎರಡರಷ್ಟಾದರೆ ಗಿಡದ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಮೊದಲ ವರ್ಷ ನಾನು ಟೊಮೆಟೊ ಸಾಲಿನ ಮುಂದೆ ತಗಡಿನ ಹಾಳೆ ನಿಲ್ಲಿಸಿದೆ. ಗಾಳಿ ಅದನ್ನು ಹಾರಿ ಹಿಂದಕ್ಕೆ ಸುಳಿಯಾಗಿ ಬಿದ್ದು, ತಡೆಯಿಲ್ಲದ ಗಿಡಗಳಿಗಿಂತ ಮೊದಲು ತಡೆಯಿದ್ದ ಗಿಡಗಳನ್ನೇ ಮುರಿಯಿತು. ಗಾಳಿಯನ್ನು ತಡೆಯಬಾರದು, ಸೋಸಬೇಕು. ಅರ್ಧ ತೂತು, ಅರ್ಧ ತಡೆ ಇರುವ ಪರದೆ ಅದರ ವೇಗವನ್ನು ಸದ್ದಿಲ್ಲದೆ ಇಳಿಸುತ್ತದೆ. ಶೇ 50ರ ಶೇಡ್ ನೆಟ್ಟನ್ನು ಅಡ್ಡಕ್ಕೆ ಕಟ್ಟಿದರೆ ಅದೇ ಪರದೆ. ಹಾಗೆಂದು ಸಸಿಗಳನ್ನು ಗಾಳಿಯೇ ತಾಗದಂತೆ ಸಾಕಬಾರದು. ಅಲುಗಾಡಿದ ಗಿಡ ಗಿಡ್ಡವಾಗಿ, ಕಾಂಡ ದಪ್ಪವಾಗಿ ಬೆಳೆಯುತ್ತದೆ. ಇದಕ್ಕೆ 1973ರಲ್ಲಿ ಮಾರ್ಕ್ ಜಾಫ್ ಎಂಬ ಅಮೆರಿಕದ ವಿಜ್ಞಾನಿ ಥಿಗ್ಮೊಮಾರ್ಫೊಜೆನಿಸಿಸ್ ಎಂದು ಹೆಸರಿಟ್ಟರು. ಬಾಯಿಗೆ ತಿರುಗದಿದ್ದರೆ ಬಿಡಿ, ದಿನಕ್ಕೊಮ್ಮೆ ಸಸಿಗಳ ನೆತ್ತಿಯ ಮೇಲೆ ಅಂಗೈ ಸವರಿ ಹೋದರೆ ಅದೇ ಪರಿಣಾಮ.

ಆಲಿಕಲ್ಲಿನ ಲೆಕ್ಕ ಇನ್ನೂ ಕ್ರೂರ. ಗಾತ್ರ ಎರಡರಷ್ಟಾದರೆ ತೂಕ ಎಂಟರಷ್ಟು, ಬೀಳುವ ವೇಗವೂ ಹೆಚ್ಚು. ಒಟ್ಟು ಪೆಟ್ಟಿನ ಶಕ್ತಿ ಹದಿನಾರರಷ್ಟು. ಕಡಲೆಕಾಳಿನಷ್ಟಿದ್ದರೆ ಎಲೆ ತೂತಾಗುತ್ತದೆ, ನೆಲ್ಲಿಕಾಯಿಯಷ್ಟಿದ್ದರೆ ಗಿಡವೇ ಇರುವುದಿಲ್ಲ. ಬೇಸಿಗೆಯ ಬಿಸಿಲಿಗೆಂದು ಕಟ್ಟಿದ ನೆಟ್ಟನ್ನು ಮೊದಲ ಮಳೆ ಬಂತೆಂದು ಬಿಚ್ಚಬೇಡಿ, ಮೇ ಮುಗಿಯಲಿ. ಮಟ್ಟಸವಾಗಿ ಕಟ್ಟಿದರೆ ಕಲ್ಲೆಲ್ಲ ನಡುವೆ ಕೂಡಿ ಜೋತುಬೀಳುತ್ತದೆ, ಇಳಿಜಾರಾಗಿ ಕಟ್ಟಿ. ಮಳೆಗಾಲಕ್ಕೆ ಇನ್ನೊಂದೇ ಮಾತು: ಕುಂಡದಡಿಯ ತಟ್ಟೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ವಾರ-ಹತ್ತು ದಿನ ಸಾಕು. ಆ ಮೊಟ್ಟೆ ಒಣಗಿದ ತಟ್ಟೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲದು. ಚೆಲ್ಲಿದರೆ ಸಾಲದು, ಉಜ್ಜಬೇಕು.

ಇಷ್ಟೆಲ್ಲ ಗೆದ್ದು ಟೊಮೆಟೊ ಕೆಂಪಾಗುವ ಹೊತ್ತಿಗೆ ಕೋತಿಗಳು ಬಂದವು. ನಮ್ಮ ಬಡಾವಣೆ ತುರಹಳ್ಳಿ ಕಾಡಿಗೆ ದೂರವಿಲ್ಲ. ಬೈತಲೆ ತೆಗೆದು ಬಾಚಿದಂಥ ತಲೆಗೂದಲಿನ ಈ ಕೋತಿ, ಬಾನೆಟ್ ಮಕಾಕ್, ಭಾರತದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ನನ್ನ ಕಣ್ಣೆದುರಿಗೇ ಒಂದು ಹೆಣ್ಣು ಎರಡು ಕೆನ್ನೆಚೀಲಕ್ಕೂ ಹಣ್ಣು ತುರುಕಿಕೊಂಡು, ಕೈಗೊಂದು ಹಿಡಿದು, ನೀರಿನ ಟ್ಯಾಂಕಿನ ಮೇಲೆ ಕೂತು ಸಾವಕಾಶವಾಗಿ ಅಗಿಯಿತು. ಹಸಿರುಕಾಯಿಗಳನ್ನು ಮುಟ್ಟಿರಲಿಲ್ಲ. ನಾಯಿ, ಇಲಿ, ಅಳಿಲುಗಳ ಕಣ್ಣಿಗೆ ಕೆಂಪು-ಹಸಿರಿನ ವ್ಯತ್ಯಾಸ ಅಷ್ಟಾಗಿ ಕಾಣದು. ಈ ಕೋತಿಗಳಿಗೆ ನಮ್ಮ ಹಾಗೆಯೇ ಮೂರು ಬಗೆಯ ಬಣ್ಣದ ಗ್ರಾಹಕಗಳಿವೆ. ಎಲೆಗಳ ನಡುವೆ ಮಾಗಿದ ಹಣ್ಣನ್ನು ಗುರುತಿಸಲೆಂದೇ ಈ ದೃಷ್ಟಿ ವಿಕಾಸವಾಯಿತು ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಹಾಗಿದ್ದರೆ ನನ್ನ ತಾರಸಿಯಲ್ಲಿ ನಡೆದದ್ದು ಆ ವಾದದ ಪ್ರಾತ್ಯಕ್ಷಿಕೆ.

ಬೆದರುಬೊಂಬೆ ಮೂರು ದಿನ ನಡೆಯಿತು. ನಾಲ್ಕನೇ ದಿನ ಒಂದು ಮರಿ ಅದರ ಹೆಗಲ ಮೇಲೆ ಕೂತಿತ್ತು. ಹೊಳೆಯುವ ಸಿ.ಡಿ., ರಬ್ಬರ್ ಹಾವು, ಪಟಾಕಿ ಶಬ್ದ, ಎಲ್ಲದರ ಆಯುಷ್ಯವೂ ಅಷ್ಟೇ. ಹೆದರಿಸಿದ್ದು ಹಾನಿ ಮಾಡದಿದ್ದರೆ ಮಿದುಳು ಅದನ್ನು ಲೆಕ್ಕದಿಂದ ತೆಗೆದುಹಾಕುತ್ತದೆ. ಗಡಿಯಾರದ ಟಿಕ್‌ಟಿಕ್ ನಮಗೆ ಕೇಳದಾಗುವುದೂ ಹೀಗೆಯೇ. ಕೊನೆಗೆ ಉಪಯೋಗಕ್ಕೆ ಬಂದದ್ದು ಕೋತಿಯ ಕಣ್ಣಿನ ಬಗೆಗಿನ ಆ ತಿಳಿವಳಿಕೆಯೇ. ಹಸಿರು ಟೊಮೆಟೊದ ತುದಿಗೆ ಚೂರೇಚೂರು ಕೆಂಪು ತಿರುಗಿದೊಡನೆ ಕಿತ್ತು ಕೆಳಗೆ ತರುತ್ತೇನೆ. ಆ ಹಂತ ದಾಟಿದ ಕಾಯಿ ತನಗೆ ಬೇಕಾದ ಎಥಿಲೀನ್ ಅನಿಲವನ್ನು ತಾನೇ ಹೊರಸೂಸಿಕೊಂಡು ಗಿಡದ ಹಂಗಿಲ್ಲದೆ ಹಣ್ಣಾಗುತ್ತದೆ. ಟೊಮೆಟೊಗೆ ಕೆಂಪು ಕೊಡುವ ಲೈಕೊಪೀನ್ 30 ಡಿಗ್ರಿ ದಾಟಿದರೆ ಸರಿಯಾಗಿ ತಯಾರಾಗುವುದಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಗಿಡದಲ್ಲೇ ಹಣ್ಣಾದದ್ದು ಹಳದಿ ಹಳದಿಯಾಗಿ, ಅಡುಗೆಮನೆಯ ಮೂಲೆಯಲ್ಲಿ ಹಣ್ಣಾದದ್ದು ಕೆಂಪಗೆ ಕಾಣುತ್ತದೆ. ಕೋತಿಯ ದೆಸೆಯಿಂದ ನಮ್ಮ ಮನೆಯ ಸಾರಿನ ಬಣ್ಣ ಸುಧಾರಿಸಿತು.

ಇಲಿಗೆ ಬಣ್ಣ ಬೇಕಿಲ್ಲ, ವಾಸನೆ ಸಾಕು. ಬೆರಳು ತೂರುವ ಸಂದಿಯಲ್ಲಿ ಅದು ತೂರುತ್ತದೆ, ಹಾಗಾಗಿ ಸಸಿಗಳ ತಟ್ಟೆಗೆ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ಶೇ ಆಗಬೇಕು. ಪ್ಲಾಸ್ಟಿಕ್ ಬಲೆ ಅದರ ಬಾಚಿಹಲ್ಲಿಗೆ ಚಕ್ಕುಲಿ. ಬೇಸಿಗೆಯಲ್ಲಿ ಡ್ರಿಪ್ ಪೈಪು ಕಡಿಯುವುದು ಹಸಿವಿನಿಂದಲ್ಲ, ಬಾಯಾರಿ. ಮೂಲೆಯಲ್ಲೊಂದು ಬಟ್ಟಲು ನೀರಿಟ್ಟ ಮೇಲೆ ನನ್ನ ಪೈಪು ಉಳಿದಿದೆ. ಪಾರಿವಾಳಕ್ಕೆಂದು ಅನೇಕರು ನೈಲಾನ್ ಬಲೆ ಹೊದಿಸುತ್ತಾರೆ. ಸಡಿಲವಾಗಿ ಹೊದಿಸಿದ ಬಲೆಯಲ್ಲಿ ಕೇರೆಹಾವು ಸಿಕ್ಕಿ, ಬಿಡಿಸಿಕೊಳ್ಳಲು ಹೊರಳಿದಷ್ಟೂ ದಾರ ಮೈಯೊಳಕ್ಕೆ ಇಳಿದದ್ದನ್ನು ನಾನು ನೋಡಿದ್ದೇನೆ. ಇಲಿ ಹಿಡಿಯಲೆಂದೇ ಬಂದಿದ್ದ ಹಾವು. ಬಲೆ ಕಟ್ಟುವುದಾದರೆ ಚೌಕಟ್ಟಿಗೆ ತಬಲದ ಚರ್ಮದಂತೆ ಬಿಗಿಯಾಗಿ ಕಟ್ಟಿ.

ಮೆಣಸಿನಪುಡಿಯ ನೀರು ಚಿಮುಕಿಸಿ ಎಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಅದು ಅರ್ಧ ಸರಿ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಒಂದಿಷ್ಟು ಎಣ್ಣೆ, ಸೋಪು ಸೇರಿಸದಿದ್ದರೆ ಪುಡಿ ಬೇರೆ, ನೀರು ಬೇರೆ. ಅಳಿಲು, ಇಲಿಗಳು ಸ್ವಲ್ಪ ದಿನ ದೂರ ಇರುತ್ತವೆ, ಮಳೆ ಬಂದರೆ ತೊಳೆದುಹೋಗುತ್ತದೆ. ಹಕ್ಕಿಗಳಿಗೋ, ಅದರಿಂದ ಏನೂ ಆಗುವುದಿಲ್ಲ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಖಾರವನ್ನು ಗುರುತಿಸುವ ನರತುದಿಯ ಪ್ರೋಟೀನನ್ನು ಪತ್ತೆಹಚ್ಚಿತು. 2021ರಲ್ಲಿ ಅವರು ನೊಬೆಲ್ ಹಂಚಿಕೊಂಡದ್ದು ಈ ಸಾಲಿನ ಕೆಲಸಕ್ಕೆ. ಅದೇ ಪ್ರೋಟೀನ್ ಸುಮಾರು 43 ಡಿಗ್ರಿಯ ಬಿಸಿಗೂ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿ ಕಚ್ಚಿದಾಗಲೂ ಬೆಂಕಿ ತಾಗಿದಾಗಲೂ ನಾವು ‘ಉರಿ’ ಎಂದೇ ಅನ್ನುತ್ತೇವಲ್ಲ, ನರಕ್ಕೂ ಎರಡೂ ಒಂದೇ. ಅವತ್ತು ಬದನೆಯ ಚೀಲದಲ್ಲಿ ನನ್ನ ಬೆರಳನ್ನು ಹಿಂದಕ್ಕೆಳೆಸಿದ್ದೂ ಇದೇ. ಹಕ್ಕಿಗಳಲ್ಲಿ ಈ ಪ್ರೋಟೀನಿನ ರಚನೆ ತುಸು ಬೇರೆ. ಬಿಸಿ ತಿಳಿಯುತ್ತದೆ, ಖಾರ ತಿಳಿಯುವುದಿಲ್ಲ.

ಇದರಲ್ಲಿ ಮೆಣಸಿನ ಗಿಡದ ಲಾಭವಿದೆ. ಇಲಿಯ ಹಲ್ಲಿಗೆ ಸಿಕ್ಕಿದ ಬೀಜ ನುಚ್ಚಾಗುತ್ತದೆ. ಹಕ್ಕಿಗೆ ಹಲ್ಲಿಲ್ಲ, ಬೀಜ ಇಡಿಯಾಗಿ ಹೊಟ್ಟೆ ದಾಟಿ, ಬೇರೆಲ್ಲೋ, ಒಂದು ಚಿಟಿಕೆ ಗೊಬ್ಬರದ ಸಮೇತ ಬೀಳುತ್ತದೆ. ನಮ್ಮ ತಾರಸಿಯ ಸೂಜಿಮೆಣಸಿನ ಗಿಡಕ್ಕೆ ಕೆಮ್ಮೀಸೆ ಪಿಕಳಾರದ ಜೋಡಿಯೊಂದು ಬೆಳಿಗ್ಗೆ ಆರೂವರೆಗೆ ಬರುತ್ತದೆ. ಒಂದು ಕೊಂಬೆಯ ಮೇಲೆ ಕೂತು, ಹಣ್ಣು ಕಿತ್ತು, ತಲೆ ಹಿಂದಕ್ಕೆ ಎಸೆದು ನುಂಗುತ್ತದೆ, ಇನ್ನೊಂದು ಕಾವಲು. ಆ ಗಿಡಕ್ಕೆ ನಾನು ಬಲೆ ಕಟ್ಟಿಲ್ಲ. ಐದಾರು ಹಣ್ಣು ಹೋದರೆ ಹೋಗಲಿ, ಅವು ಸಂಜೆ ಟೊಮೆಟೊದ ಹಸಿರುಹುಳಗಳನ್ನೂ ಹೆಕ್ಕುತ್ತವೆ.

ಕಳೆದ ಭಾದ್ರಪದದಲ್ಲಿ ಅಮ್ಮ ಬಂದಾಗ ಮಳೆನೀರಿನ ಕೊಳವೆಯ ಬಾಯಲ್ಲಿ, ಕಸ ಕಟ್ಟಿಕೊಂಡು ಮಣ್ಣಾದ ಜಾಗದಲ್ಲಿ, ಗೇಣುದ್ದದ ಮೆಣಸಿನ ಸಸಿ ಎದ್ದಿತ್ತು. ನೆತ್ತಿಗೆ ಪಶ್ಚಿಮದ ಗೋಡೆಯ ನೆರಳು, ಬುಡಕ್ಕೆ ಟ್ಯಾಂಕು ತುಂಬಿದಾಗಲೆಲ್ಲ ಸೋರುವ ನೀರು. ಕಾಂಡ ನನ್ನ ಸಸಿಗಳಿಗಿಂತ ದಪ್ಪ. “ಇದನ್ನು ಯಾರು ಹಾಕಿದ್ದು?” ಎಂದು ಕೇಳಿದಳು. ಪಿಕಳಾರ ಎಂದೆ. ಕೊಳವೆ ಕಟ್ಟಿಕೊಂಡರೆ ತಾರಸಿಯಲ್ಲಿ ನೀರು ನಿಲ್ಲುತ್ತದೆಂದು ಹಳೆಯ ಚಮಚ ತಂದು ಮಣ್ಣಿನ ಹೆಂಟೆಯ ಸಮೇತ ಎಬ್ಬಿಸಿದೆ. ಎತ್ತರದ ಮಣ್ಣಿನ ಕುಂಡವೊಂದು ಖಾಲಿ ಇತ್ತು. ಅಮ್ಮ ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಜಲ್ಲಿಗೆ ಕೈಹಾಕಿದವಳು ನನ್ನ ಮುಖ ನೋಡಿ, “ಹ್ಞಾಂ, ಬೇಡ ಅಂದಿದ್ದೆಯಲ್ಲ” ಎಂದು ವಾಪಸ್ ಸುರಿದಳು.